ತಲೆ ಪೆಟ್ಟು ರಕ್ತ ಪರೀಕ್ಷೆಯಲ್ಲೇ ಗೊತ್ತಾಗುತ್ತಂತೆ, ನಮ್ಮಪ್ಪನಿಗೆ ಸಿಟಿ ಸ್ಕ್ಯಾನ್ ಬೇಕಿರಲಿಲ್ವಾ?

ನಾಲೆಏರಿ, ಪಾಂಡವಪುರ
ಶನಿವಾರ, ರಾತ್ರಿ 9.50

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ದಯವಿಟ್ಟು ಪೂರ್ತಿ ಓದಿ.

ಹೋದ ಭಾನುವಾರ ಕತ್ತಲಾದ ಮೇಲೆ ನಮ್ಮಪ್ಪ ಆಲೆಮನೆಯಿಂದ ಮೊಪೆಡ್‌ನಲ್ಲಿ ಮನೆಗೆ ಬರ್ತಿದ್ರು. ವಿ.ಸಿ. ನಾಲೆ ಏರಿ ಮೇಲೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಟ್ರೈಲರ್ ಹಿಂದೆ ದೀಪ ಇಲ್ಲ. ರೇಡಿಯಂ ಪಟ್ಟಿ ಅಂಟಿಸಿದ್ರೂ ಇಳಿಬಿದ್ದ ಸೋಗೆ ಅದನ್ನ ಮುಚ್ಚಿಬಿಟ್ಟಿತ್ತು. ಕಣ್ಣಿಗೆ ಬೀಳೋ ಹೊತ್ತಿಗೆ ತೀರಾ ಹತ್ರ ಬಂದಿದ್ರು. ಹ್ಯಾಂಡಲ್ ಎಳೆದು ಎಡಮಗ್ಗುಲಿಗೆ ಬಿದ್ರು. ಹೆಲ್ಮೆಟ್ ಮನೆ ಮೊಳೆಗೆ ನೇತಾಡ್ತಿತ್ತು.

ಅಪ್ಪನಿಗೆ 67 ವರ್ಷ. ಎರಡು ವರ್ಷದ ಹಿಂದೆ ಹಾರ್ಟಿಗೆ ಸ್ಟೆಂಟ್ ಹಾಕಿಸಿದೆ, ಅವತ್ತಿಂದ ರಕ್ತ ತೆಳು ಮಾಡೋ ಮಾತ್ರೆ ದಿನಾ ತಗೋತಾರೆ. ಹಿಂದೆ ಬರ್ತಿದ್ದ ಪಕ್ಕದ ಮನೆಯವರು ಎಬ್ಬಿಸಿ ಕರ್ಕೊಂಡು ಬಂದ್ರು. ಅಪ್ಪ ನಡ್ಕೊಂಡೇ ಒಳಗೆ ಬಂದು ಜಗಲಿ ಮೇಲೆ ಕೂತು, "ಏನೂ ಆಗಿಲ್ಲ ಬುಡ್ಲಾ, ಹೆಗಲು ಒಸಿ ನೋಯ್ತದೆ ಅಷ್ಟೇಯ" ಅಂದ್ರು. ಎಡಗಿವಿ ಮೇಲೆ ನಿಂಬೆಹಣ್ಣಿನ ಗಾತ್ರ ಬುಗುಟೆ ಎದ್ದಿತ್ತು. ಅವ್ವ ಕಾಫಿ ಕೊಟ್ರು, ಕುಡಿದ ಐದು ನಿಮಿಷಕ್ಕೆ ವಾಂತಿ ಆಯ್ತು. ಆಗ ನನಗೆ ಭಯ ಶುರುವಾಗಿ, ಭಾವನ ಕಾರಲ್ಲಿ ಮೈಸೂರಿಗೆ ಹೊರಟೆ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಮೊದಲು ಕೇಳಿದ್ದೇ "ಎಷ್ಟು ಗಂಟೆಗೆ ಬಿದ್ರು?" ಅಂತ. ನಾನು ಏಳು ಅಂದೆ. ಪಕ್ಕದ ಮನೆಯವರು ಫೋನಲ್ಲಿ ಏಳೂಮುಕ್ಕಾಲು ಅಂದ್ರು. ಅವ್ವ, ಧಾರಾವಾಹಿ ಶುರುವಾಗಿತ್ತು, ಎಂಟು ಅಂದ್ರು. ಅಪ್ಪನಿಗೆ ಬಿದ್ದದ್ದೇ ಸರಿಯಾಗಿ ನೆನಪಿಲ್ಲ. ಸಿಟಿ ಸ್ಕ್ಯಾನ್ ಮಾಡಿದ್ರು, ತಲೆಯೊಳಗೆ ಏನೂ ಇಲ್ಲ ಅಂತ ಬಂತು. ಎಡಗಡೆ ಕಾಲರ್ ಬೋನ್ ಬಿರುಕು ಬಿಟ್ಟಿದೆ, ಅದಕ್ಕೆ ಬೆಲ್ಟ್ ಹಾಕಿದ್ರು. ರಾತ್ರಿಯೆಲ್ಲ ಅಲ್ಲೇ ಇಟ್ಕೊಂಡು ಬೆಳಿಗ್ಗೆ ಕಳಿಸಿದ್ರು.

ಈಗ ವಿಷಯಕ್ಕೆ ಬರ್ತೀನಿ. ಬೆಂಗಳೂರಲ್ಲಿರೋ ಚಿಕ್ಕಪ್ಪನ ಮಗ ಒಂದು ಮೆಸೇಜ್ ಕಳಿಸಿದ್ದಾನೆ: ಅಮೆರಿಕದಲ್ಲಿ ಒಂದೇ ತೊಟ್ಟು ರಕ್ತದಲ್ಲಿ, 15 ನಿಮಿಷದಲ್ಲಿ ಮಿದುಳಿಗೆ ಪೆಟ್ಟಾಗಿದೆಯಾ ಇಲ್ವಾ ಹೇಳ್ತಾರೆ, ಸಿಟಿ ಬೇಡವೇ ಬೇಡ ಅಂತ. ಇದು ನಿಜವಾ? ನಿಜ ಆಗಿದ್ರೆ ಅಪ್ಪನಿಗೆ ಸುಮ್ನೆ ಎಕ್ಸ್‌ರೇ ಕಿರಣ ಹಾಯಿಸಿದ ಹಾಗಾಯ್ತಾ? ಇನ್ನೊಂದು, ಇದು ನನ್ನ ಮುಖ್ಯವಾದ ಚಿಂತೆ. ಇವತ್ತಿಗೆ ಆರು ದಿನ ಆಯ್ತು. ಅಪ್ಪ ತಲೆ ಭಾರ ಭಾರ ಅಂತಾರೆ, ಸಣ್ಣದಕ್ಕೂ ರೇಗ್ತಾರೆ. ಈಗ ಆ ರಕ್ತ ಪರೀಕ್ಷೆ ಮಾಡಿಸಿದ್ರೆ ಏನಾದ್ರೂ ಗೊತ್ತಾಗುತ್ತಾ?

ನೇರಳೆಮುಚ್ಚಳ, ಮೈಸೂರು
ಭಾನುವಾರ, ಬೆಳಿಗ್ಗೆ 6.35

ಈಗಷ್ಟೇ ರಾತ್ರಿ ಪಾಳಿ ಮುಗಿಸಿ ಬಂದೆ. ಮಲಗೋ ಮುಂಚೆ ನಿಮ್ಮ ಪ್ರಶ್ನೆ ಕಣ್ಣಿಗೆ ಬಿತ್ತು, ಉತ್ತರ ಬರೆಯದೆ ಮಲಗೋಕೆ ಮನಸ್ಸು ಬರಲಿಲ್ಲ. ನಾನು ಮೈಸೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ 19 ವರ್ಷದಿಂದ ಟೆಕ್ನಿಷಿಯನ್. ನಾನು ಡಾಕ್ಟರಲ್ಲ. ಆದರೆ ರಕ್ತದ ಟ್ಯೂಬು ಏನು ಹೇಳುತ್ತೆ, ಏನು ಹೇಳಲ್ಲ ಅನ್ನೋದನ್ನ ದಿನಾ ನೋಡೋಳು.

ಮೊದಲನೆಯದಾಗಿ, ಆ ಮೆಸೇಜು ಅರ್ಧ ನಿಜ. ಪರೀಕ್ಷೆ ಇದೆ. ಎದೆನೋವು ಅಂತ ಬಂದವರಿಗೆ ಟ್ರೋಪೊನಿನ್ ನೋಡ್ತೀವಲ್ಲ, ನಿಮ್ಮಪ್ಪನಿಗೂ ಸ್ಟೆಂಟ್ ಹಾಕೋ ಮುಂಚೆ ನೋಡಿರ್ತಾರೆ, ಹೆಚ್ಚುಕಡಿಮೆ ಅದೇ ಲೆಕ್ಕ. ಹೃದಯದ ಸ್ನಾಯು ಸತ್ತಾಗ ಅದರೊಳಗಿನ ಪ್ರೋಟೀನು ರಕ್ತಕ್ಕೆ ಸೋರುತ್ತೆ. ಮಿದುಳಿಗೆ ಪೆಟ್ಟಾದಾಗಲೂ ಹಾಗೇ. ಅದರಲ್ಲಿ ಎರಡು ಪ್ರೋಟೀನು ಮುಖ್ಯ. ಒಂದು ಜಿಎಫ್‌ಎಪಿ. ನರಕೋಶಗಳ ಸುತ್ತ ಆಸರೆಯಾಗಿ ನಿಂತಿರೋ, ನಕ್ಷತ್ರದ ಆಕಾರದ ಆಸ್ಟ್ರೋಸೈಟ್ ಅನ್ನೋ ಕೋಶಗಳಿವೆ, ಅವುಗಳ ಒಳಗಿನ ಎಳೆ ಅದು. ಇನ್ನೊಂದು ಯುಸಿಎಚ್-ಎಲ್1, ಇದು ನರಕೋಶದ ಒಳಗೇ ಹೇರಳವಾಗಿರೋ ಕಿಣ್ವ. ಕೋಶ ಒಡೆದು, ಮಿದುಳಿಗೂ ರಕ್ತಕ್ಕೂ ನಡುವೆ ಇರೋ ತಡೆ ಸಡಿಲವಾದಾಗ ಇವು ಹೊರಗೆ ಬರ್ತವೆ.

ಎಷ್ಟು ಬರ್ತವೆ ಅಂತ ಕೇಳಿದ್ರೆ ಬೆರಗಾಗ್ತೀರಿ. ಒಂದು ಮಿಲಿಲೀಟರ್ ರಕ್ತದಲ್ಲಿ ಜಿಎಫ್‌ಎಪಿ 22 ಪಿಕೋಗ್ರಾಂ ಮುಟ್ಟಿದ್ರೆ ಪಾಸಿಟಿವ್ ಅಂತ ಮೊದಲ ಪರೀಕ್ಷೆಯಲ್ಲಿ ಗೆರೆ ಎಳೆದಿದ್ರು. ಯುಸಿಎಚ್-ಎಲ್1ಗೆ 327. ಪಿಕೋಗ್ರಾಂ ಅಂದ್ರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಇಷ್ಟು ಸಣ್ಣದನ್ನ ಅಳೆಯೋ ಯಂತ್ರ ಬರೋವರೆಗೂ ಈ ಪರೀಕ್ಷೆ ಕಾಯಬೇಕಾಯ್ತು.

ಔಷಧಿ, ವೈದ್ಯಕೀಯ ಉಪಕರಣಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2018ರ ಫೆಬ್ರವರಿಯಲ್ಲಿ ಬ್ಯಾನ್ಯನ್ ಅನ್ನೋ ಕಂಪನಿಯ ಪರೀಕ್ಷೆಗೆ ಒಪ್ಪಿಗೆ ಕೊಡ್ತು. 2021ರಲ್ಲಿ ಆಬಟ್ ಕಂಪನಿಯ ಕೈಯಲ್ಲಿ ಹಿಡಿಯೋ ಐ-ಸ್ಟಾಟ್ ಯಂತ್ರಕ್ಕೆ ಈ ಪರೀಕ್ಷೆಯ ಕಾರ್ಟ್ರಿಜ್, ಅಂದ್ರೆ ರಕ್ತ ಹಾಕಿ ಯಂತ್ರದೊಳಗೆ ತೂರಿಸೋ ಸಣ್ಣ ಡಬ್ಬಿ ಬಂತು. ಅದಕ್ಕೆ ಪ್ಲಾಸ್ಮಾ ಬೇಕಿತ್ತು, ಅಂದ್ರೆ ರಕ್ತ ತೆಗೆದು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಕಣ ಕೆಳಗೆ ಕೂತ ಮೇಲೆ ನಿಲ್ಲೋ ತಿಳಿ ತೆಗೀಲೇಬೇಕು. 2024ರ ಏಪ್ರಿಲ್‌ನಲ್ಲಿ ತಿರುಗಿಸದೆ ನೇರ ರಕ್ತದಲ್ಲೇ ಮಾಡೋದಕ್ಕೂ ಒಪ್ಪಿಗೆ ಸಿಕ್ತು. ನಿಮ್ಮ ತಮ್ಮ ಹೇಳಿದ 15 ನಿಮಿಷ ಇದೇ. "ಒಂದೇ ತೊಟ್ಟು" ಅನ್ನೋದನ್ನ ಮಾತ್ರ ಬೆರಳು ಚುಚ್ಚಿ ಶುಗರ್ ನೋಡಿದ ಹಾಗೆ ಅಂತ ತಿಳ್ಕೋಬೇಡಿ. ರಕ್ತನಾಳದಿಂದ ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದ ಹಾಗೆ ಇಡಿಟಿಎ ಅನ್ನೋ ರಾಸಾಯನಿಕ ಇರೋ ಟ್ಯೂಬಿಗೆ ರಕ್ತ ತೆಗೀಬೇಕು. ನಾನು ಕೆಲಸ ಮಾಡೋ ಲ್ಯಾಬಿನಲ್ಲಿ ಈ ಪರೀಕ್ಷೆ ಇಲ್ಲ.

ಈಗ ಆ ಮೆಸೇಜಿನ ಇನ್ನರ್ಧ. ಈ ಪರೀಕ್ಷೆಯ ಕೆಲಸ ಏನು ಅಂತ ಅಂಕಿಯಲ್ಲೇ ನೋಡಿ. ಒಪ್ಪಿಗೆಗೆ ಆಧಾರವಾದ ಅಧ್ಯಯನದಲ್ಲಿ ಅಮೆರಿಕ, ಯುರೋಪಿನ 22 ಆಸ್ಪತ್ರೆಗಳಿಂದ 1959 ಜನರ ಲೆಕ್ಕ ಹಾಕಿದ್ರು. ಎಲ್ರಿಗೂ ತಲೆಗೆ ಪೆಟ್ಟು, ಎಲ್ರಿಗೂ ಸಿಟಿ, ಎಲ್ರಿಗೂ ರಕ್ತ ಪರೀಕ್ಷೆ. ಸಿಟಿಯಲ್ಲಿ ಮಿದುಳಿನ ಗಾಯ ಕಂಡದ್ದು 125 ಜನಕ್ಕೆ. ರಕ್ತ ಪರೀಕ್ಷೆ ನೆಗೆಟಿವ್ ಬಂದದ್ದು 671 ಜನಕ್ಕೆ, ಅವರಲ್ಲಿ ಗಾಯ ಇದ್ದೂ ತಪ್ಪಿಹೋದವರು ಮೂವರೇ. ಅಂದ್ರೆ ಅದು "ಇಲ್ಲ" ಅಂದ್ರೆ ಬಹುಪಾಲು ನಂಬಬಹುದು. ಆದ್ರೆ ಪಾಸಿಟಿವ್ ಬಂದವರು 1288 ಜನ, ಅವರಲ್ಲಿ ಸಿಟಿಯಲ್ಲಿ ನಿಜವಾಗಿ ಗಾಯ ಇದ್ದವರು 122. ಹತ್ತು ಜನಕ್ಕೆ "ಇದೆ" ಅಂದ್ರೆ ಒಂಬತ್ತು ಜನರ ಸಿಟಿಯಲ್ಲಿ ಏನೂ ಕಾಣಲ್ಲ. ಹಾಗಾಗಿ ಇದು ಸಿಟಿಗೆ ಬದಲಿ ಅಲ್ಲ. ಮೂವರಲ್ಲಿ ಒಬ್ಬರನ್ನ "ನಿಮಗೆ ಸಿಟಿ ಬೇಡ" ಅಂತ ಕಳಿಸಿಕೊಡೋ ಜರಡಿ. ಉಳಿದ ಇಬ್ಬರು ಯಂತ್ರದ ಕೆಳಗೆ ಮಲಗಲೇಬೇಕು.

ಅದೂ ಹೊತ್ತು ಮೀರದಿದ್ರೆ ಮಾತ್ರ. ಮೊದಲ ಪರೀಕ್ಷೆಗೆ ಪೆಟ್ಟಾದ 12 ಗಂಟೆಯೊಳಗೆ, 2024ರದಕ್ಕೆ 24 ಗಂಟೆಯೊಳಗೆ ರಕ್ತ ತೆಗೆದಿರಬೇಕು. ಫ್ಲಾರಿಡಾದಲ್ಲಿ 584 ಗಾಯಾಳುಗಳ ರಕ್ತವನ್ನ ಏಳು ದಿನದವರೆಗೂ ಮತ್ತೆ ಮತ್ತೆ ತೆಗೆದು ನೋಡಿದ ಅಧ್ಯಯನ 2016ರಲ್ಲಿ ಬಂತು. ಎರಡೂ ಪ್ರೋಟೀನು ಒಂದು ಗಂಟೆಯೊಳಗೇ ಕಾಣಿಸಿಕೊಂಡವು. ಯುಸಿಎಚ್-ಎಲ್1 ಎಂಟು ಗಂಟೆ ಹೊತ್ತಿಗೆ ನೆತ್ತಿಗೇರಿ ಬೇಗ ಇಳೀತು. ಜಿಎಫ್‌ಎಪಿ 20 ಗಂಟೆಗೆ ನೆತ್ತಿ ಮುಟ್ಟಿ ನಿಧಾನಕ್ಕೆ ಇಳೀತು. ಗಡಿಯಾರ ಗೊತ್ತಿಲ್ಲದೆ ಈ ಅಂಕಿಗೆ ಅರ್ಥವೇ ಇಲ್ಲ. ನಿಮ್ಮ ಡಾಕ್ಟರು ಮೊದಲು ಹೊತ್ತು ಕೇಳಿದ್ದು ಇದಕ್ಕೇ ಅಲ್ಲ, ಅವರಿಗೆ ಬೇರೆ ಕಾರಣಗಳೂ ಇವೆ. ಆದ್ರೂ ನೀವು ಬರೆದ ಆ ಮೂರು ಸಮಯ ಓದಿದಾಗ ನನಗೆ ಎದೆ ಝಲ್ ಅಂತು. ಯಾಕೆ ಅಂತ ಕೊನೆಗೆ ಹೇಳ್ತೀನಿ.

ನಿಮ್ಮಪ್ಪನ ವಿಷಯದಲ್ಲಿ ಇನ್ನೂ ಎರಡು ತೊಡಕಿವೆ. ವಯಸ್ಸಾದಂತೆ ಜಿಎಫ್‌ಎಪಿ ಪೆಟ್ಟಿಲ್ಲದಿದ್ರೂ ತಾನಾಗೇ ಮೇಲಿರುತ್ತೆ, ಹಾಗಾಗಿ ವಯಸ್ಸಾದವರಲ್ಲಿ ಸುಳ್ಳು ಪಾಸಿಟಿವ್ ಹೆಚ್ಚು. ಯುರೋಪಿನಲ್ಲಿ ಇನ್ನೊಂದು ಹಳೇ ಪರೀಕ್ಷೆ ಇದೆ, ಎಸ್100ಬಿ ಅಂತ. ಸ್ವೀಡನ್, ನಾರ್ವೆ ಕಡೆಯ ಡಾಕ್ಟರುಗಳು 2013ರಲ್ಲೇ ಅದನ್ನ ತಮ್ಮ ಮಾರ್ಗಸೂಚಿಗೆ ಸೇರಿಸಿದ್ರು: ಆರು ಗಂಟೆಯೊಳಗೆ ತೆಗೆದ ರಕ್ತದಲ್ಲಿ ಲೀಟರಿಗೆ 0.10 ಮೈಕ್ರೋಗ್ರಾಂಗಿಂತ ಕಮ್ಮಿ ಇದ್ರೆ, ಬೇರೆ ಅಪಾಯದ ಲಕ್ಷಣ ಇಲ್ಲದವರಿಗೆ ಸಿಟಿ ಬಿಡಬಹುದು ಅಂತ. ಆದ್ರೆ ಎಸ್100ಬಿ ಮಿದುಳಲ್ಲಷ್ಟೇ ಇರಲ್ಲ. ಕೊಬ್ಬಿನಲ್ಲಿ, ಮೃದ್ವಸ್ಥಿಯಲ್ಲಿ, ಚರ್ಮಕ್ಕೆ ಬಣ್ಣ ಕೊಡೋ ಕೋಶದಲ್ಲೂ ಇದೆ. ಮೂಳೆ ಮುರಿದ್ರೆ ತಲೆಗೆ ಏನೂ ಆಗದಿದ್ರೂ ಏರುತ್ತೆ. ನಿಮ್ಮಪ್ಪನ ಕಾಲರ್ ಬೋನೊಂದೇ ಸಾಕಾಗಿತ್ತು ಆ ಅಂಕಿ ಕೆಡಿಸೋಕೆ.

ಲ್ಯಾಬಿನವಳಾಗಿ ಇನ್ನೊಂದು ಮಾತು. ಎನ್‌ಎಸ್‌ಇ ಅನ್ನೋ ಪ್ರೋಟೀನನ್ನೂ ಹಿಂದೆ ತಲೆ ಪೆಟ್ಟಿಗೆ ನೋಡ್ತಿದ್ರು. ಅದು ಕೆಂಪು ರಕ್ತಕಣದಲ್ಲೂ ಇದೆ. ಕ್ಯಾಶುವಾಲ್ಟಿಯಲ್ಲಿ ಗದ್ದಲ, ಗಾಯಾಳು ಕೈ ಕೊಸರ್ತಾ ಇರ್ತಾರೆ, ಸಣ್ಣ ಸೂಜಿಯಲ್ಲಿ ಜೋರಾಗಿ ಎಳೀತಾರೆ. ಆ ಟ್ಯೂಬು ತಿರುಗಿಸಿ ಹೊರಗೆ ತೆಗೆದಾಗ, ಕೆಳಗೆ ಕೆಂಪು ಕೂತು ಮೇಲೆ ತಿಳಿಯಾದ ಹುಲ್ಲುಹಳದಿ ಪ್ಲಾಸ್ಮಾ ನಿಲ್ಲಬೇಕಾದ ಜಾಗದಲ್ಲಿ ಬೀಟ್‌ರೂಟ್ ತೊಳೆದ ನೀರಿನ ಬಣ್ಣ ಇರುತ್ತೆ. ಬೆಳಕಿಗೆ ಹಿಡಿದ ತಕ್ಷಣ ಗೊತ್ತಾಗುತ್ತೆ, ಕಣ ಒಡೆದಿದೆ ಅಂತ. ಅಂಥ ರಕ್ತದಲ್ಲಿ ಎನ್‌ಎಸ್‌ಇ ನೋಡಿದ್ರೆ ಮಿದುಳು ಚೂರಾದ ಹಾಗೆ ಅಂಕಿ ಬರುತ್ತೆ, ಮನುಷ್ಯ ಚೆನ್ನಾಗೇ ಇರ್ತಾನೆ. ಅಂಥ ಟ್ಯೂಬನ್ನ ನಾನು ವಾಪಸ್ ಕಳಿಸ್ತೀನಿ, ಇನ್ನೊಂದು ಸಲ ತೆಗೀರಿ ಅಂತ. ಅವಸರದಲ್ಲಿರೋರಿಗೆ ಬೇಜಾರಾಗುತ್ತೆ. ಆಗಲಿ.

ಇನ್ನು ನಿಮ್ಮ ಕೊನೇ ಪ್ರಶ್ನೆ. ಆರನೇ ದಿನಕ್ಕೆ ಈ ಪರೀಕ್ಷೆಯಿಂದ ನಿಮಗೆ ಉಪಯೋಗ ಇಲ್ಲ. ನ್ಯೂರೋಫಿಲಮೆಂಟ್ ಲೈಟ್ ಅಂತ ಇನ್ನೊಂದಿದೆ, ನರತಂತುವಿನ ಒಳಗಿನ ಎಳೆ. ಅದು ದಿನಗಟ್ಟಲೆ, ವಾರಗಟ್ಟಲೆ ನಿಧಾನಕ್ಕೆ ಏರುತ್ತೆ. ಆದ್ರೆ ಅದು ತಂತು ಹರಿದದ್ದನ್ನ ಹೇಳುತ್ತೆ, ತಲೆಬುರುಡೆ ಒಳಗೆ ಈಗ ರಕ್ತ ಕೂಡ್ತಾ ಇದೆಯಾ ಅನ್ನೋದನ್ನ ಹೇಳಲ್ಲ. ನಿಮಗೆ ಬೇಕಿರೋ ಉತ್ತರ ಆ ಎರಡನೆಯದು. ಅದಕ್ಕೆ ಕಣ್ಣಿಟ್ಟು ನೋಡೋದು, ಅನುಮಾನ ಬಂದ್ರೆ ಮತ್ತೆ ಸ್ಕ್ಯಾನು, ಬೇರೆ ದಾರಿ ಇಲ್ಲ. 67 ವರ್ಷ, ರಕ್ತ ತೆಳು ಮಾಡೋ ಮಾತ್ರೆ. ವಯಸ್ಸಾದವರಲ್ಲಿ ಮಿದುಳು ಸ್ವಲ್ಪ ಕುಗ್ಗಿ, ಅದಕ್ಕೂ ಅದರ ಹೊದಿಕೆಗೂ ನಡುವಿನ ಸಣ್ಣ ರಕ್ತನಾಳಗಳು ಬಿಗಿಯಾಗಿ ಎಳೆದಿರ್ತವೆ. ಅವು ಒಸರೋಕೆ ಶುರು ಮಾಡಿದ್ರೆ ಎರಡು ಮೂರು ವಾರ ಬಿಟ್ಟು ತೊಂದರೆ ಕಾಣಬಹುದು. ತಲೆ ಭಾರ, ರೇಗೋದು ಅಂದ್ರಲ್ಲ, ನಾಳೆಯೇ ಮಾತ್ರೆ ಚೀಟಿ, ಸಿಟಿ ಫಿಲಂ ಎರಡೂ ತಗೊಂಡು ತೋರಿಸಿ. ಮಾತ್ರೆ ನೀವಾಗಿ ನಿಲ್ಲಿಸಬೇಡಿ.

ಎದೆ ಝಲ್ ಅಂತು ಅಂದೆನಲ್ಲ. 2011ರ ಮಾತು. ನನ್ನ ತಮ್ಮ ಮಳವಳ್ಳಿ ಹತ್ರ ನಮ್ಮ ತೋಟದಲ್ಲಿ ತೆಂಗಿನಮರದಿಂದ ಬಿದ್ದ. ಕಾಯಿ ಕೀಳೋ ಮುಂಚೆ ಸ್ವಲ್ಪ ಕುಡಿದಿದ್ದ. ಹತ್ತಿರದ ಒಂದು ಸಣ್ಣ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಅಲ್ಲಿ ಸಿಟಿ ಇರಲಿಲ್ಲ. ಮಾತಾಡ್ತಿದ್ದ, ಹೆಸರು ಹೇಳಿದ, ಊರು ಹೇಳಿದ, ನಾಲಿಗೆ ತೊದಲ್ತಿತ್ತು. ಬಾಯಲ್ಲಿ ವಾಸನೆ ಬರ್ತಿತ್ತು. "ಕುಡಿದಿದ್ದಾನೆ, ಮಲಗಲಿ, ಇಳಿದ ಮೇಲೆ ನೋಡೋಣ" ಅಂದ್ರು. ಎಷ್ಟು ಹೊತ್ತಿಗೆ ಬಿದ್ದ ಅಂತ ಯಾರೂ ಬರೆದಿರಲಿಲ್ಲ, ಹಾಗಾಗಿ "ಇಳಿಯೋಕೆ" ಎಷ್ಟು ಹೊತ್ತು ಬೇಕು ಅನ್ನೋ ಲೆಕ್ಕವೂ ಇರಲಿಲ್ಲ. ಬೆಳಗಿನ ಜಾವ ನಾನು ಪಾಳಿ ಬಿಟ್ಟು ಹೋಗಿ ನೋಡಿದಾಗ ಒಂದು ಕಣ್ಣಿನ ಪಾಪೆ ದೊಡ್ಡದಾಗಿತ್ತು. ಮೈಸೂರಿಗೆ ತರೋ ದಾರಿಯಲ್ಲಿ ಬನ್ನೂರು ದಾಟಿದ ಮೇಲೆ ಉಸಿರು ನಿಂತಿತು. ಅವನಿಗೆ 26.

ಅದಕ್ಕೇ ಈ ಪರೀಕ್ಷೆಗಳ ಸುದ್ದಿ ಬಂದಾಗೆಲ್ಲ ನಾನು ಬಿಡದೆ ಓದ್ತೀನಿ. ಪಕ್ಕದ ಕೋಣೆಯಲ್ಲೇ ಸಿಟಿ ಇರೋ ದೊಡ್ಡ ಆಸ್ಪತ್ರೆಗಿಂತ ಹೆಚ್ಚಾಗಿ ಇದು ಬೇಕಿರೋದು ರಾತ್ರಿ ಒಬ್ಬರೇ ಡಾಕ್ಟರು, ಒಬ್ಬರೇ ನರ್ಸು ಇರೋ ಕಡೆ. ಅಲ್ಲಿ ಕುಡಿದ ಮಂಪರೋ ಪೆಟ್ಟಿನ ಮಂಪರೋ ಅಂತ ಗೊಂದಲ ಆದಾಗ, ಕೈಗಾತ್ರದ ಯಂತ್ರ "ಅನುಮಾನ ಇದೆ, ಕಳಿಸಿ" ಅಂದ್ರೆ ಆಂಬುಲೆನ್ಸು ಆಗಲೇ ಹೊರಡುತ್ತೆ. ಹತ್ತರಲ್ಲಿ ಒಂಬತ್ತು ಸಲ ಸುಮ್ನೆ ಹೊರಟಿದ್ರೂ ನನಗೆ ಅದು ನಷ್ಟ ಅನ್ನಿಸಲ್ಲ.

ರಾತ್ರಿಪಾಳಿ, ಮಂಡ್ಯ
ಭಾನುವಾರ, ಮಧ್ಯಾಹ್ನ 2.10

ನಾನು ತುರ್ತು ವಿಭಾಗದ ವೈದ್ಯ. ಮೇಲಿನ ಅಕ್ಕ ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅವರ ವಿವರಣೆಗೆ ಒಂದೆರಡು ಮಾತು ಸೇರಿಸುತ್ತೇನೆ.

ನಾಲೆಏರಿ ಅವರೇ, ನಿಮ್ಮ ತಂದೆಗೆ ಸಿಟಿ ಮಾಡಿದ್ದು ಸರಿಯಾದ ಕ್ರಮ. ತಲೆ ಪೆಟ್ಟಿಗೆ ಯಾರಿಗೆ ಸಿಟಿ ಬೇಕು ಎಂದು ನಿರ್ಧರಿಸಲು 2001ರಿಂದ ಬಳಕೆಯಲ್ಲಿರುವ ಕೆನಡಾದ ನಿಯಮವಿದೆ. ಪ್ರಜ್ಞೆ ತಪ್ಪಿದ್ದರೆ, ಗಲಿಬಿಲಿಯಾಗಿದ್ದರೆ ಅಥವಾ ಬಿದ್ದದ್ದೇ ನೆನಪಿಲ್ಲದಿದ್ದರೆ ಅದು ಅನ್ವಯಿಸುತ್ತದೆ. ಅಂಥವರಲ್ಲಿ 65 ದಾಟಿದ ವಯಸ್ಸೊಂದೇ ಸಿಟಿಗೆ ಸಾಕು. ಮೇಲಾಗಿ ಅವರು ರಕ್ತ ತೆಳುವಾಗಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಕೈಯಲ್ಲಿ ರಕ್ತ ಪರೀಕ್ಷೆ ಇದ್ದು ಅದು ನೆಗೆಟಿವ್ ಬಂದಿದ್ದರೂ ನಾನು ಇವರನ್ನು ಸಿಟಿಗೆ ಕಳಿಸುತ್ತಿದ್ದೆ. ವಿಕಿರಣದ ಚಿಂತೆ ಬಿಡಿ. ತಲೆಯ ಒಂದು ಸಿಟಿಯಲ್ಲಿ ಸುಮಾರು 2 ಮಿಲಿಸೀವರ್ಟ್, ನಾವೆಲ್ಲ ನೆಲ, ಗಾಳಿ, ಆಕಾಶದಿಂದ ಒಂದು ವರ್ಷದಲ್ಲಿ ಪಡೆಯುವಷ್ಟರ ಆಸುಪಾಸು.

ಅಕ್ಕನ ಮಾತಿಗೆ ಒಂದು ಎಚ್ಚರಿಕೆ. ಆ ಪರೀಕ್ಷೆ ಗ್ಲಾಸ್ಗೋ ಅಂಕ 13ರಿಂದ 15 ಇರುವವರಿಗೆ, ಅಂದರೆ ಎಚ್ಚರವಿದ್ದು ಮಾತಾಡುವವರಿಗೆ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಮೂರಕ್ಕೂ ಸೇರಿಸಿ 15ಕ್ಕೆ ಕೊಡುವ ಅಂಕ ಅದು, 1974ರಿಂದ ಜಗತ್ತೆಲ್ಲ ಬಳಸುತ್ತಿದೆ. ಅಂಕ ಅದಕ್ಕಿಂತ ಇಳಿದಿದ್ದರೆ ಯಾವ ಟ್ಯೂಬಿಗೂ ಕಾಯಬಾರದು. ಕುಡಿದಿದ್ದಾರೋ ಇಲ್ಲವೋ ಎಂದು ಚರ್ಚೆ ಮಾಡದೆ ಗಾಡಿ ಹತ್ತಿಸಬೇಕು.

ಇನ್ನೊಂದು ವಿಷಯ ಜನರಿಗೆ ತಲುಪಬೇಕು. ಸಿಟಿ ನಾರ್ಮಲ್ ಎಂದ ಮಾತ್ರಕ್ಕೆ ಮಿದುಳಿಗೆ ಏನೂ ಆಗಿಲ್ಲ ಎಂದಲ್ಲ. ಸಿಟಿಯಲ್ಲಿ ರಕ್ತಸ್ರಾವ ಚೆನ್ನಾಗಿ ಕಾಣುತ್ತದೆ, ಸೂಕ್ಷ್ಮ ತಂತು ಹರಿದದ್ದು ಕಾಣುವುದಿಲ್ಲ. ತಲೆ ಪೆಟ್ಟಿನ ಸಂಶೋಧನೆ ಮಾಡುವ ಅಮೆರಿಕದ ಟ್ರ್ಯಾಕ್-ಟಿಬಿಐ ತಂಡ 2019ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಸಿಟಿ ನಾರ್ಮಲ್ ಬಂದ 450 ಜನರಿಗೆ ಎಂಆರ್‌ಐ ಮಾಡಿದಾಗ 120 ಜನರಲ್ಲಿ ಗಾಯ ಕಂಡಿತು. ಅವರ ರಕ್ತದಲ್ಲಿ ಜಿಎಫ್‌ಎಪಿ ಉಳಿದವರಿಗಿಂತ ಬಹಳ ಮೇಲಿತ್ತು. "ಸ್ಕ್ಯಾನ್ ಚೆನ್ನಾಗಿದೆ, ನಾಟಕ ಮಾಡಬೇಡ" ಎಂದು ಮನೆಯವರಿಂದ ಬೈಸಿಕೊಳ್ಳುವ ಎಷ್ಟೋ ಜನ ನನ್ನ ಮುಂದೆ ಬಂದು ಕೂತಿದ್ದಾರೆ. ತಲೆನೋವು, ನಿದ್ದೆಗೇಡು, ಹೆಸರು ಮರೆಯುವುದು. ಅವರ ಪರವಾಗಿ ಹೇಳಲು ಒಂದು ಅಂಕಿ ಇದ್ದರೆ ನನಗೆ ಎಷ್ಟು ಸಹಾಯ. 2025ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ, ತಲೆ ಪೆಟ್ಟನ್ನು ವಿಂಗಡಿಸುವ ಹೊಸ ಚೌಕಟ್ಟಿನಲ್ಲಿ ಬರೀ "ಮೈಲ್ಡ್, ಮಾಡರೇಟ್, ಸಿವಿಯರ್" ಎಂದು ಹಣೆಪಟ್ಟಿ ಹಚ್ಚುವುದು ಸಾಲದು, ಲಕ್ಷಣ, ರಕ್ತದ ಗುರುತು, ಸ್ಕ್ಯಾನ್, ಜೊತೆಗೆ ರೋಗಿಯ ವಯಸ್ಸು ಮತ್ತು ಹಿನ್ನೆಲೆ ಎಲ್ಲವನ್ನೂ ಒಟ್ಟಿಗೆ ನೋಡಬೇಕು ಎಂದಿದ್ದಾರೆ.

ತಂದೆಯವರನ್ನು ನಾಳೆ ತೋರಿಸಿ. ಆಮೇಲೂ ಆರು ವಾರ ಅವರ ನಡಿಗೆ, ಮಾತು, ನಿದ್ದೆಯ ಮೇಲೆ ಗಮನವಿಡಿ.

ಕೊಪ್ಪಲಿನಮ್ಮ, ಮದ್ದೂರು
ಭಾನುವಾರ, ಸಂಜೆ 5.25

ಡಾಕ್ಟ್ರೇ, ನನ್ನ ಮಗಳಿಗೆ 9 ವರ್ಷ. ಶಾಲೆ ಉಯ್ಯಾಲೆಯಿಂದ ಬಿದ್ದಾಗ ಸಿಟಿ ಮಾಡಿಸಲಿಲ್ಲ, ಐದು ಗಂಟೆ ಹೊತ್ತು ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಕಳಿಸಿದ್ರು. ಮಕ್ಕಳಿಗೂ ಈ ರಕ್ತ ಪರೀಕ್ಷೆ ಇದೆಯಾ?

ರಾತ್ರಿಪಾಳಿ, ಮಂಡ್ಯ
ಭಾನುವಾರ, ಸಂಜೆ 6.05

ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿರುವುದು 18 ತುಂಬಿದವರಿಗೆ. ನಿಮ್ಮ ಮಗಳನ್ನು ಕೂರಿಸಿಕೊಂಡು ನೋಡಿದ್ದು ಸರಿಯಾಗಿಯೇ ಇದೆ. 42,000ಕ್ಕೂ ಹೆಚ್ಚು ಮಕ್ಕಳನ್ನು ಗಮನಿಸಿ 2009ರಲ್ಲಿ ಬಂದ ನಿಯಮದ ಪ್ರಕಾರ, ಅಪಾಯ ಕಮ್ಮಿ ಇರುವ ಮಕ್ಕಳಿಗೆ ಸಿಟಿ ಬೇಡ, ನಡುವಿನವರನ್ನು ಕೆಲ ಗಂಟೆ ಕಣ್ಣೆದುರು ಇಟ್ಟುಕೊಂಡು ತೀರ್ಮಾನಿಸಬಹುದು. ಮಕ್ಕಳ ಮಿದುಳಿಗೆ ಅನಗತ್ಯ ವಿಕಿರಣ ತಪ್ಪಿಸುವುದು ದೊಡ್ಡವರಿಗಿಂತ ಮುಖ್ಯ.

ನಾಲೆಏರಿ, ಪಾಂಡವಪುರ
ಗುರುವಾರ, ರಾತ್ರಿ 8.15

ಅಕ್ಕ, ಡಾಕ್ಟ್ರೇ, ಹೆಚ್ಚುಕಡಿಮೆ ಇಪ್ಪತ್ತು ದಿನ ಆದ ಮೇಲೆ ಬರೀತಿದೀನಿ. ನಿಮ್ಮಿಬ್ರಿಗೂ ಹೇಳಲೇಬೇಕು.

ನೀವು ಹೇಳಿದ ಸೋಮವಾರವೇ ಅಪ್ಪನ್ನ ಕರ್ಕೊಂಡು ಹೋದೆ. ಪರೀಕ್ಷೆ ಮಾಡಿ, ಈಗ ಪರವಾಗಿಲ್ಲ, ಆದ್ರೆ ಹುಷಾರಾಗಿ ನೋಡ್ಕೊಳ್ಳಿ, ಏನೇ ಬದಲಾವಣೆ ಆದ್ರೂ ಬನ್ನಿ ಅಂದ್ರು. ಮನೆಗೆ ಬಂದು ಗೋಡೆ ಕ್ಯಾಲೆಂಡರ್ ಪಕ್ಕಕ್ಕೆ ಒಂದು ಪೆನ್ನು ದಾರ ಕಟ್ಟಿ ನೇತುಹಾಕಿದೆ. ದಿನಾ ಬೆಳಿಗ್ಗೆ, ಸಂಜೆ ಆ ದಿನದ ಚೌಕದಲ್ಲಿ ಬರೀತಿದ್ದೆ. ತಲೆನೋವು ಇದೆ. ಊಟ ಸರಿ. ನಿದ್ದೆ ಸರಿ. ಅವ್ವನಿಗೂ ಹೇಳಿಕೊಟ್ಟಿದ್ದೆ.

ಬಿದ್ದ ಇಪ್ಪತ್ತನೇ ದಿನ, ಶನಿವಾರ. ಅಪ್ಪ ಹಿತ್ತಲಿಗೆ ಹಸು ಕಟ್ಟೋಕೆ ಹೋಗಿ ವಾಪಸ್ ಬಂದ್ರು. ಬಲಗಾಲಲ್ಲಿ ಚಪ್ಪಲಿ ಇರಲಿಲ್ಲ. "ಚಪ್ಪಲಿ ಎಲ್ಲಪ್ಪ?" ಅಂದೆ. ಕಾಲು ನೋಡ್ಕೊಂಡು, "ಅಲ್ಲೇ ಐತಲ್ಲ" ಅಂದ್ರು. ಹೋಗಿ ನೋಡಿದ್ರೆ ಹವಾಯಿ ಚಪ್ಪಲಿ ಬಾವಿಕಟ್ಟೆ ಹತ್ರ ಬಿದ್ದಿತ್ತು. ಮಣ್ಣಿನ ಮೇಲೆ ಬಲಗಾಲಿನ ಹೆಬ್ಬೆರಳು ಎಳೆದ ಗೆರೆ, ಬಾವಿಯಿಂದ ಬಾಗಿಲವರೆಗೂ. ಕಳಚಿದ್ದೇ ಅವರಿಗೆ ಗೊತ್ತಾಗಿಲ್ಲ. ಡಾಕ್ಟ್ರು ನಡಿಗೆ ಅಂತ ಬರೆದಿದ್ದು ನೆನಪಾಯ್ತು. ಕ್ಯಾಲೆಂಡರಲ್ಲಿ "ಬೆ. 7.20, ಬಲಗಾಲು" ಅಂತ ಬರೆದು, ಆ ಹಾಳೆಯನ್ನೇ ಹರಿದು ಜೇಬಿಗಿಟ್ಕೊಂಡು ಹೊರಟೆ. ಎಂಟೂಕಾಲಿಗೆ ಮೈಸೂರಲ್ಲಿದ್ವಿ.

ಸಿಟಿ ಮತ್ತೆ ಮಾಡಿದ್ರು. ಈ ಸಲ ಡಾಕ್ಟರು ನನ್ನನ್ನೂ ಸ್ಕ್ರೀನ್ ಮುಂದೆ ನಿಲ್ಲಿಸಿ ತೋರಿಸಿದ್ರು. ಎಡಗಡೆ ತಲೆಬುರುಡೆಗೆ ಅಂಟಿಕೊಂಡ ಹಾಗೆ ಬಿದಿಗೆ ಚಂದ್ರನ ಆಕಾರದಲ್ಲಿ ಬೂದುಬಣ್ಣದ ಪಟ್ಟಿ. ಮಿದುಳನ್ನ ಬಲಕ್ಕೆ ಒತ್ತಿತ್ತು. ಎಡಗಡೆ ಒತ್ತಿದ್ರೆ ಬಲಗಾಲು ಸೋಲುತ್ತೆ ಅಂತ ಹೇಳಿದ್ರು. ಎದುರಿಗಿದ್ದ ಡಾಕ್ಟರು ಕೇಳಿದ್ದೂ ಅದೇ, ಯಾವತ್ತಿಂದ, ಎಷ್ಟು ಗಂಟೆಯಿಂದ ಅಂತ. ಜೇಬಿಂದ ಹಾಳೆ ತೆಗೆದು ಕೊಟ್ಟೆ. ಅವರು ಅದನ್ನ ಕೇಸ್ ಶೀಟ್ ಜೊತೆ ಪಿನ್ ಮಾಡಿಕೊಂಡ್ರು.

ಮಾತ್ರೆ ತಗೋತಿದ್ದರಿಂದ ಹಾರ್ಟ್ ಡಾಕ್ಟರನ್ನೂ ಕೇಳಿ, ಭಾನುವಾರ ಬೆಳಿಗ್ಗೆ ತಲೆಬುರುಡೆಗೆ ಎರಡು ಸಣ್ಣ ತೂತು ಕೊರೆದು ತೆಗೆದ್ರು. ಎಂಜಿನ್ ಆಯಿಲ್ ಬಣ್ಣದ ರಕ್ತ ಅಂದ್ರು. ಸೋಮವಾರ ಅಪ್ಪ ಬಲಗಾಲಿನ ಬೆರಳು ಆಡಿಸಿದ್ರು. ಇವತ್ತು ಮಧ್ಯಾಹ್ನ ಅವ್ವ ತಂದ ಮುದ್ದೆ, ಉಪ್ಪುಸಾರು ತಾವೇ ಬಲಗೈಯಲ್ಲಿ ಮುರಿದು ತಿಂದ್ರು. ನಾಡಿದ್ದು ಮನೆಗೆ ಬಿಡ್ತಾರಂತೆ.

ಅಕ್ಕ, ನಿಮ್ಮ ತಮ್ಮನ ವಿಷಯ ಓದಿದ್ದರಿಂದ ನಾನು ಆ ಪೆನ್ನು ಕಟ್ಟಿದ್ದು. ಇದನ್ನ ನಿಮಗೆ ತಿಳಿಸದೆ ಇರೋಕಾಗಲಿಲ್ಲ.

ನೇರಳೆಮುಚ್ಚಳ, ಮೈಸೂರು
ಶುಕ್ರವಾರ, ಬೆಳಿಗ್ಗೆ 6.50

ತಮ್ಮಾ, ಇದನ್ನ ಓದಿ ಅಡುಗೆಮನೆಯಲ್ಲಿ ನಿಂತೇ ಅತ್ತೆ. ಅಮ್ಮನಿಗೂ ಓದಿ ಹೇಳಿದೆ. ನಿಮ್ಮಪ್ಪ ಮುದ್ದೆ ತಿಂದ್ರು ಅನ್ನೋದನ್ನ ಎರಡು ಸಲ ಓದಿಸಿಕೊಂಡ್ರು.

ಡಿಸ್ಚಾರ್ಜ್ ದಿನ ಮರೆಯದೆ ಎರಡು ವಿಷಯ ಬರೆಸಿಕೊಂಡು ಬನ್ನಿ. ರಕ್ತ ತೆಳು ಮಾಡೋ ಮಾತ್ರೆ ಯಾವ ತಾರೀಖಿನಿಂದ ಮತ್ತೆ ಶುರು, ಯಾವ ಡೋಸು, ಮೆದುಳಿನ ಡಾಕ್ಟರು, ಹಾರ್ಟ್ ಡಾಕ್ಟರು ಇಬ್ಬರೂ ಒಪ್ಪಿದ್ದು. ಬಾಯಲ್ಲಿ ಹೇಳಿದ್ದು ಸಾಲದು, ಚೀಟಿಯಲ್ಲಿ ಇರಲಿ. ಇನ್ನೊಂದು, ಮುಂದಿನ ಸಿಟಿ ಯಾವಾಗ ಅಂತ. ಈ ಥರ ತೆಗೆದ ರಕ್ತ ಕೆಲವರಲ್ಲಿ ಮತ್ತೆ ಕೂಡುತ್ತೆ. ಹೊಸ ಕ್ಯಾಲೆಂಡರ್ ಹಾಳೆಯಲ್ಲೂ ಬರೀತಾ ಇರಿ. ಆ ನಾಲೆ ಏರಿ ಮೇಲೆ ಕಬ್ಬಿನ ಗಾಡಿ ಓಡಿಸೋರು ನಿಮ್ಮೂರಿನವರೇ ಆಗಿದ್ರೆ, ಸೋಗೆ ಮುಚ್ಚದ ಹಾಗೆ ಟ್ರೈಲರ್ ಕೆಳಗಡೆ ಪಟ್ಟಿ ಅಂಟಿಸೋಕೆ ಹೇಳಿ. ನಿಮ್ಮಪ್ಪನ್ನ ನೋಡಿದ ಮೇಲೆ ಅವರೂ ಕೇಳ್ತಾರೆ.